ಹಳ್ಳದಾಚೆಯ ಹನ್ನೊಂದು ಗೂಟ

ಗೂಟಗಳು ಮತ್ತೆ ಸರಿದಿದ್ದವು. ಒಂದಲ್ಲ, ಎರಡಲ್ಲ, ಹನ್ನೊಂದಕ್ಕೆ ಹನ್ನೊಂದೂ. ಅದೂ ಒಂದೇ ಸಮ, ಒಂದು ಬೆರಳಗಲ, ಹಳ್ಳದ ಕಡೆಗೆ.

ಎಂಜಿನಿಯರ್ ಮೂರು ಸಲ ಅಳೆದು ನೋಡಿದರು. ಅವರ ಕಚೇರಿ ಹಳ್ಳದ ಈಚೆ ದಡದಲ್ಲಿತ್ತು. ಅದರ ಮೆಟ್ಟಿಲಿಗೆ ಬಡಿದಿದ್ದ ಹಿತ್ತಾಳೆ ಮೊಳೆಯಿಂದಲೇ ಎಲ್ಲ ಅಳತೆಯೂ ಶುರುವಾಗಬೇಕು. ಆ ಲೆಕ್ಕದಲ್ಲಿ ಆಚೆ ದಡದ ಕೆಂಪು ಗೂಟಗಳು, ನೆಟ್ಟು ತಿಂಗಳಾಗುವುದರೊಳಗೆ, ಮೂರು ಬೆರಳು ಹತ್ತಿರ ಬಂದಿದ್ದವು. ಗೂಟಕ್ಕೇನು ಕಾಲು ಬರುತ್ತದೆಯೇ? ಯಾರೋ ಸರಿಸುತ್ತಿದ್ದಾರೆ.

ಯಾರೋ ಏನು ಬಂತು, ಯಾರೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅತ್ತೆ. ಹೆಂಡತಿಯ ಹೆತ್ತ ತಾಯಿ.

ಮಳೆ ಜೋರಾದರೆ ಸಾಕು, ಹಳ್ಳ ಊರೊಳಗೆ ನುಗ್ಗುತ್ತಿತ್ತು. ಅದಕ್ಕೆ ಎಂಜಿನಿಯರ್ ಎರಡೂ ದಡಕ್ಕೆ ನೇರವಾದ ಕಾಂಕ್ರೀಟ್ ಗೋಡೆ ಹಾಕುವ ಯೋಜನೆ ಮಾಡಿದ್ದರು. ಗೂಟ ನೆಟ್ಟು ಗುರುತಿಸಿದ್ದ ಆಚೆ ಗೋಡೆಯ ಗೆರೆ ಸೀದಾ ಹೋಗಿ ಅತ್ತೆಯ ಹಿತ್ತಲಿನ ಅತ್ತಿಮರಕ್ಕೆ ಗುದ್ದುತ್ತಿತ್ತು. ಗೂಟಗಳು ಹೀಗೇ ಹಳ್ಳದತ್ತ ಸರಿಯುತ್ತ ಹೋದರೆ ಮರ ಉಳಿಯುತ್ತದೆ. ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ದರ್ಜಿಯಲ್ಲದೆ ಬೇರೆ ಯಾರು ಹನ್ನೊಂದು ಗೂಟವನ್ನು ಹೀಗೆ ಕೂದಲೆಳೆ ತಪ್ಪದಂತೆ ಸರಿಸಿಯಾರು?

ಸಂಜೆ ಅವರು ಅತ್ತೆಯ ಮನೆಗೇ ಹೋದರು. ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು.

"ನಿಜ ಹೇಳಿ ಅತ್ತೆ. ಗೂಟ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ ಅಳಿಯಂದ್ರೇ? ಬೇಡ ಅಂತ ಬರೆದೇ ಕೊಟ್ಟಿದೀನಲ್ಲ."

"ಮತ್ತೆ ಅಳತೆ ಯಾಕೆ ತಪ್ತಿದೆ?"

ಅತ್ತೆ ಹಲ್ಲಿನಲ್ಲಿ ದಾರ ಕಡಿದರು. "ಅಳತೆ ತಪ್ಪಿದಾಗ ಗಿರಾಕಿಗಳು ಬಟ್ಟೆಗೇ ಬಯ್ಯೋದು. ತಾವೇ ದಪ್ಪ ಆಗಿದೀವಿ ಅಂತ ಯಾರೂ ಒಪ್ಪಲ್ಲ."

ಎಂಜಿನಿಯರ್ ಹೊಟ್ಟೆಯನ್ನು ಒಳಗೆಳೆದುಕೊಂಡು ಎದ್ದು ಬಂದರು.

ಅತ್ತೆ ಬರೆದುಕೊಟ್ಟ ಆಕ್ಷೇಪಣೆ ಎರಡು ಪುಟವಿತ್ತು. ಮಳೆಗಾಲಕ್ಕೆ ಮೈ ತುಂಬಿಕೊಳ್ಳುವ ಹಳ್ಳಕ್ಕೆ ಬಿಗಿಯಾಗಿ ಹೊಲಿದರೆ ಹೊಲಿಗೆ ಬಿಚ್ಚುತ್ತದೆ, ಕೆಳಗಿನ ಬೀದಿಗಳೇ ಮುಳುಗುತ್ತವೆ. ಅದರ ಬದಲು ಈಚೆ ದಡವನ್ನು ಇಳಿಜಾರು ಮಾಡಿ, ಕಚೇರಿಯ ಅಂಗಳವನ್ನು ನೀರಿಗೆ ಬಿಟ್ಟುಕೊಡಿ. ಎಷ್ಟೆಂದರೂ ಅದು ನಾವು ಚಿಕ್ಕವರಿದ್ದಾಗ ಈಜುತ್ತಿದ್ದ ಜಾಗ. ಎಂಜಿನಿಯರರ ವರದಿಯಲ್ಲಿ 'ಪರಿಸರದ ಮೇಲಿನ ಪರಿಣಾಮ' ಎಂಬ ಅಧ್ಯಾಯವೂ ಇತ್ತು, ಒಂದೂವರೆ ಸಾಲಿನದು: 'ಮಿಂಚುಳ್ಳಿಗಳು ಬೇರೆ ಕಡೆ ಗೂಡು ಮಾಡಿಕೊಳ್ಳುತ್ತವೆ.' ಅದರ ಅಂಚಿನಲ್ಲಿ ಅತ್ತೆ ಗೀಚಿದ್ದರು: 'ಅವು ಮಣ್ಣಿನ ದಡ ಕೊರೆದು ಗೂಡು ಮಾಡೋ ಹಕ್ಕಿ. ಕಾಂಕ್ರೀಟು ಕೊರೆಯೋಕೆ ಕೊಕ್ಕಿಗೊಂದು ಡ್ರಿಲ್ಲು ಕೊಡಿಸ್ತೀರಾ?'

ಎಂಜಿನಿಯರ್ ಕೈಕಟ್ಟಿ ಕೂರಲಿಲ್ಲ. ಗೂಟಗಳ ಸುತ್ತ ಸುಣ್ಣದ ಪುಡಿ ಚೆಲ್ಲಿಸಿದರು. ಒಂದು ಹೆಜ್ಜೆ ಗುರುತೂ ಬೀಳಲಿಲ್ಲ, ಅಳತೆ ಮಾತ್ರ ತಪ್ಪಿತು. ಬುಡಕ್ಕೆ ಕಾಂಕ್ರೀಟ್ ಹಾಕಿಸಿದರು. ಆಗಲೂ ತಪ್ಪಿತು. ಮುದುಕಿ ಭಾರಿ ಪಾಕಡಾ ಎಂದು ಒಳಗೊಳಗೇ ಮೆಚ್ಚಿಕೊಂಡರು ಕೂಡ.

ಕಚೇರಿಯಲ್ಲೂ ನೆಮ್ಮದಿ ಇರಲಿಲ್ಲ. ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಮಳೆಗೆ ಮರ ಉಬ್ಬಿದೆ ಎಂದು ಬಡಗಿ ಒಂದೇ ತಿಂಗಳಲ್ಲಿ ಎರಡು ಸಲ ಹತ್ತರಿ ಹೊಡೆದು ಹೋಗಿದ್ದ. ಮೇಜಿನ ಮೇಲಿಟ್ಟ ಪೆನ್ಸಿಲು ಪದೇ ಪದೇ ಉರುಳಿ ಬೀಳುತ್ತಿತ್ತೆಂದು ಎಂಜಿನಿಯರ್ ದುಂಡನೆಯದು ಬಿಟ್ಟು ಆರು ಮೂಲೆಯ ಪೆನ್ಸಿಲು ತರಿಸಿಕೊಂಡರು. ಎಲ್ಲದಕ್ಕೂ ಅವರ ಬಳಿ ಒಂದು ಪರಿಹಾರ ಇದ್ದೇ ಇರುತ್ತಿತ್ತು, ಅತ್ತೆಯೊಬ್ಬರನ್ನು ಬಿಟ್ಟು.

"ಸರ್ಕಾರಿ ಗುರುತು ಕಿತ್ತೋರ ಆಕ್ಷೇಪಣೆ ವಜಾ ಆಗುತ್ತೆ. ಬುಧವಾರ ಸಭೆ, ಗುರುವಾರ ಮರ ಕಡಿಯೋದು," ಎಂದರು ಮನೆಯಲ್ಲಿ.

"ನಮ್ಮಮ್ಮನ ಮೇಲೆ ಅಪವಾದ ಹೊರಿಸಿ ನೋಡಿ," ಎಂದಳು ಹೆಂಡತಿ. "ಆಮೇಲೆ ನಿಮ್ಮ ಹಾಸಿಗೆ ಆಫೀಸಲ್ಲೇ. ಗಟ್ಟಿಮುಟ್ಟಾದ ಕಟ್ಟಡ ಅಂತೀರಲ್ಲ, ಅಲ್ಲೇ ಬಿದ್ಕೊಳಿ."

ಎಂಜಿನಿಯರ್ ಜಗ್ಗಲಿಲ್ಲ. ಅಳಿಯನ ಮಾತು ಯಾರೂ ನಂಬದೆ ಹೋದಾರು ಎಂದು ಬೇರೆ ಊರಿನಿಂದ ಸರ್ವೇಯರ್ ಒಬ್ಬಳನ್ನು ಕರೆಸಿದರು. ಅವಳ ಉಪಕರಣಕ್ಕೆ ಮೊಳೆಯೂ ಬೇಡ, ಟೇಪೂ ಬೇಡ. ಉಪಗ್ರಹ ನೋಡಿಯೇ ಜಾಗ ಹೇಳುತ್ತಿತ್ತು.

ಬುಧವಾರ ಹನ್ನೊಂದಕ್ಕೆ ಕಚೇರಿಯ ಸಭಾಂಗಣದಲ್ಲಿ ಊರಿಗೆ ಊರೇ ಸೇರಿತು. ಎಂಜಿನಿಯರ್ ತಿಂಗಳ ಅಳತೆಗಳನ್ನು ಒಂದೊಂದಾಗಿ ಓದಿದರು. ಕೊನೆಗೆ ಅತ್ತೆಯ ಕಡೆ ಕೈ ತೋರಿಸಿದರು.

ಅತ್ತೆ ಎದ್ದು ನಿಂತರು. ಇಷ್ಟು ದಿನ ಚಟಾಕಿ ಹಾರಿಸುತ್ತಿದ್ದವರ ದನಿ ಈಗ ನಡುಗಿತು. "ನಾನು ಮುಟ್ಟಿಲ್ಲ. ಆ ಮರ ಹೋದ್ರೆ ನನಗೆ ಸಂಕಟ ಆಗುತ್ತೆ, ನಿಜ. ಆದ್ರೂ ಕಳ್ಳತನದ ಅಳತೆ ನಾನು ಜನ್ಮದಲ್ಲಿ ಹಿಡಿದೋಳಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಹೆಂಡತಿ ಗಂಡನ ಮುಖ ನೋಡಲಿಲ್ಲ. ಎಂಜಿನಿಯರಿಗೂ ಒಳಗೆ ಚುರುಕ್ಕೆಂದಿತು, ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಪೈಕಿ ಅಲ್ಲ ಅವರು.

"ಹೇಳಮ್ಮಾ," ಎಂದು ಸರ್ವೇಯರ್ ಕಡೆ ತಿರುಗಿದರು. "ಗೂಟ ಎಷ್ಟು ಸರಿದಿದೆ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳು."

ಬೆಳಿಗ್ಗೆ ಎರಡೂ ದಡ ಅಳೆದು ಯೋಜನೆಯ ನಕ್ಷೆಗೆ ತಾಳೆ ಹಾಕಿದ್ದ ಹಾಳೆಯನ್ನು ಅವಳು ಇನ್ನೊಮ್ಮೆ ನೋಡಿದಳು. ಸಭಾಂಗಣದ, ಹಳ್ಳದ ಕಡೆಯ ಗೋಡೆ ನೋಡಿದಳು. ಆಮೇಲೆ ತುಂಬಿದ ಸಭೆಯನ್ನು ನೋಡಿದಳು.

"ಗೂಟ ಒಂದೂ ಸರಿದಿಲ್ಲ ಸರ್," ಎಂದಳು. "ಎಲ್ಲರೂ ಗಾಬರಿ ಆಗದೆ ಮೆಲ್ಲಗೆ ಎದ್ದು ಹೊರಗೆ ನಡೀರಿ. ಹಳ್ಳದ ಕಡೆ ಸರೀತಿರೋದು ಈ ಆಫೀಸು."