ತಾಳಿ ಕಟ್ಟಿದ ಕೈ

ಮಗಳ ಕೈ ನಡುಗುತ್ತದೆಂದು ಕಮಲಾಕ್ಷಮ್ಮ ಅವಳನ್ನು ನರರೋಗದ ಡಾಕ್ಟರ ಬಳಿ ಕರೆತಂದಿದ್ದರು.

“ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?” ಡಾಕ್ಟರು ಕೇಳಿದರು.

“ನಮ್ಮ ಯಜಮಾನ್ರಿಗಿತ್ತು. ಚಿನ್ನದ ಕೆಲಸ ಮಾಡ್ತಿದ್ರು. ಆದ್ರೆ ಅದು ಕುಡಿತದ ನಡುಕ ಡಾಕ್ಟ್ರೇ. ಬೇಸತ್ತು ಮನೆಯಿಂದ ಆಚೆ ಹಾಕ್ದೆ. ಬೀದೀಲೇ ಪ್ರಾಣ ಬಿಟ್ರು.”

“ಕುಡಿಯೋಕೆ ಶುರು ಮಾಡೋ ಮುಂಚೆ ನಡುಗ್ತಿರಲಿಲ್ವಾ?”

ಇಲ್ಲವೆನ್ನಲು ಹೋಗಿ ಕಮಲಾಕ್ಷಮ್ಮ ಮಾತು ತಡೆದರು. ತಾಳಿ ಕಟ್ಟುವಾಗಲೇ ಆ ಕೈ ನಡುಗಿತ್ತು. ನಾಚಿಕೆಯೆಂದು ಮಂಟಪವೆಲ್ಲ ನಕ್ಕಿತ್ತು. ಅದನ್ನೇ ಡಾಕ್ಟರಿಗೆ ಹೇಳಿದರು.

“ಇದು ವಂಶದಲ್ಲಿ ಬರೋ ನಡುಕ ಅಮ್ಮ. ಕುಡಿದ್ರೆ ಸ್ವಲ್ಪ ಹೊತ್ತು ಕಡಿಮೆಯಾಗುತ್ತೆ. ಕೆಲಸ ಮಾಡೋಕೇ ಕುಡೀತಿದ್ರೇನೋ ಪಾಪ,” ಎನ್ನುತ್ತ ಡಾಕ್ಟರು ಮಗಳಿಗೆ ಮಾತ್ರೆ ಬರೆದರು. “ಇದನ್ನ ತಗೊಂಡ್ರೆ ಹತೋಟಿಗೆ ಬರುತ್ತೆ.”

ಕಮಲಾಕ್ಷಮ್ಮ ಚೀಟಿಯನ್ನೇ ನೋಡುತ್ತ ಕೇಳಿದರು:

“ಡಾಕ್ಟ್ರೇ, ಈ ಮಾತ್ರೆ ಆಗ್ಲೂ ಸಿಗ್ತಿತ್ತಾ?”