ಮೊಳೆಗೆ ಸಿಕ್ಕಿಸಿದ ಕರಿಮಣಿ

ಪಾತ್ರೆಗೆ ಪಾಲಿಶ್ ಹಾಕುವ ಅಂಗಡಿಯ ಮುಂದೆ ಬಿಸಿ ಮೇಣದ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ಕುಂಬ್ರದ ಮನೆಯ ಹಿಂದಿನ ಶೆಡ್ಡಿನಲ್ಲಿ ಚಿಕ್ಕಮ್ಮ ಹಳೆಯ ಕ್ಷೌರದ ಕತ್ತಿಗಳಿಗೆ ಮೇಣ ಹಚ್ಚಿದ ಬಟ್ಟೆಯ ಚಕ್ರ ತಿರುಗುವ ಬಫಿಂಗ್ ಮೆಷಿನ್‌ನಲ್ಲಿ ಹೊಳಪು ಕೊಡುತ್ತಿದ್ದರು. ಅದಕ್ಕೆ ಮೊದಲು ಬಳೆ, ಕರಿಮಣಿ ತೆಗೆದು ಮೊಳೆಗೆ ಸಿಕ್ಕಿಸುವುದು ಅವರ ಕ್ರಮ.

"ಗಂಡ ಇರುವಾಗ ಕರಿಮಣಿ ತೆಗೆಯುದಾ?" ಎಂದು ಆ ಮಧ್ಯಾಹ್ನವೂ ಅಜ್ಜಿ ಗೊಣಗಿದರು.

"ಚಕ್ರಕ್ಕೆ ಸಿಕ್ಕಿದ್ರೆ ಕುತ್ತಿಗೆಯೇ ಹೋಗುದು, ಅತ್ತೆ," ಎಂದ ಚಿಕ್ಕಮ್ಮ, ಕತ್ತಿಯ ಹರಿತವಾದ ಅಂಚು ಚಕ್ರಕ್ಕೆ ಎದುರಾಗದಂತೆ ಹಿಡಿದು ಕೆಲಸ ಮುಗಿಸಿದರು.

ಬೆಳಗ್ಗಿನಿಂದ ತೆಗೆಯದೇ ಇದ್ದ, ಮೆಷಿನ್ ಕೆಲಸಕ್ಕೆ ಹಾಕುವ ಕಪ್ಪು ಕನ್ನಡಕವನ್ನು ಆಮೇಲೆ ತೆಗೆದರು. ಎಡಗಣ್ಣು ನೀಲಿಗಟ್ಟಿ ಊದಿತ್ತು. ಅಜ್ಜಿ ಬೇರೆ ಕಡೆ ನೋಡಿದರು. ಚಿಕ್ಕಮ್ಮ ಬಳೆ ಮಾತ್ರ ಹಾಕಿಕೊಂಡರು.

"ಕರಿಮಣಿ?" ಎಂದೆ.

"ಅಲ್ಲೇ ಇರ್ಲಿ ಮಗಾ. ನಂಗೆ ಕುತ್ತಿಗೆ ಬೇಕು."