ಹಿಂದಿನ ಕೆಂಪು ದೀಪ

"ಮೋಟಾರ್ ಸತ್ತೈತಿ, ಅಂಗಡಿಗಿ ವಾಪಸ್ ಕೊಡ್ತೀನಿ. ದಿನಾ ಹೊಂಬಳಕ್ಕ ಹೋಗಿ ಹೊಲಿಗಿ ಕಲಸೂದು ಸಾಕು, ಮನ್ಯಾಗ ಕುಂಡ್ರು," ಎಂದು ಖಲೀಲ ತಂಗಿಯ ಬ್ಯಾಟರಿ ಸೈಕಲ್ಲಿನ ಹ್ಯಾಂಡಲ್ ಹಿಡಿದ.

ಫರ್ಹಾನಾ ಇನ್ನೊಂದು ತುದಿಯನ್ನು ಬಿಡಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಪೆಡಲ್ ತುಳಿದರೂ ಮೋಟಾರು ಜೊತೆಗೂಡಿರಲಿಲ್ಲ. ಬ್ಯಾಟರಿ ತುಂಬಿತ್ತು, ವೈರುಗಳು ಬಿಗಿಯಾಗಿದ್ದವು.

"ಭಯ್ಯಾ, ಬ್ರೇಕ್ ಯಾರೂ ಹಿಡದಿಲ್ಲ. ಹಿಂದಿನ ಕೆಂಪು ದೀಪ ಯಾಕ ಉರಿಯಾಕ ಹತ್ತೈತಿ?"

"ನೀ ಯಾವಾಗ ಮಿಸ್ತ್ರಿ ಆದಿ?"

ಅವಳು ಬಾಗಿ ಬ್ರೇಕಿನ ಹಿಡಿಯನ್ನೇ ನೋಡಿದಳು. ಮಗಳು ಸುಖವಾಗಿ ಹೋಗಿ ಬರಲೆಂದು ಅಮ್ಮ ಬೀಬಿಜಾನ ನಿನ್ನೆ ಸಂಜೆ ದರ್ಗಾದ ಹಸಿರು ಬಟ್ಟೆಯನ್ನು ಅದಕ್ಕೆ ಬಿಗಿದು ಕಟ್ಟಿದ್ದಳು. ಆ ಗಂಟು ಬ್ರೇಕನ್ನು ಒಂದು ಎಳೆಯಷ್ಟು ಒಳಗೆ ಎಳೆದು ಹಿಡಿದಿತ್ತು. ಬ್ರೇಕ್ ಎಳೆದಿರುವತನಕ ಈ ಸೈಕಲ್ಲಿನ ಮೋಟಾರು ಓಡುವುದಿಲ್ಲ.

ಅವಳು ಗಂಟಿಗೆ ಉಗುರು ಹಾಕಿದಳು.

"ಬಿಚ್ಚಬ್ಯಾಡ! ದರ್ಗಾದ್ದೈತಿ ಅದು!" ಎಂದು ಬೀಬಿಜಾನ ಹೊಸ್ತಿಲಿಂದ ಓಡಿಬಂದಳು.

ಅಮ್ಮನಿಗೆ ಎಂದೂ ಎದುರಾಡದ ಫರ್ಹಾನಾಳ ಬೆರಳು ನಿಲ್ಲಲಿಲ್ಲ. ಗಂಟು ಬಿಚ್ಚಿತು, ಕೆಂಪು ದೀಪ ಆರಿತು. ಅವಳು ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ಅಮ್ಮನ ಕೈಗಿತ್ತು, ತನ್ನ ಮಣಿಕಟ್ಟು ಚಾಚಿದಳು.

"ಸೈಕಲ್ಲಿಗಿ ಬ್ಯಾಡಮ್ಮಾ. ನನಗ ಕಟ್ಟು."

ಬೀಬಿಜಾನ ಮಗಳ ಮುಖವನ್ನೊಮ್ಮೆ ನೋಡಿ, ಎರಡು ಗಂಟು ಹಾಕಿದಳು. ಫರ್ಹಾನಾ ಸೀಟೇರಿ ಪೆಡಲ್ ತುಳಿದಳು. ಸೈಕಲ್ಲು ಗುಂಯ್ ಎಂದು ಮುಂದಕ್ಕೆ ಜಗ್ಗಿದಾಗ ಖಲೀಲ ಹ್ಯಾಂಡಲ್ ಬಿಡಲೇಬೇಕಾಯಿತು.